ರಾತ್ರಿ ಕೊಟ್ಟ ಹಿಟ್ಟು, ಹಗಲು ಕೇಳುವ ಲೆಕ್ಕ: ನಡುವೆ ಸಿಕ್ಕವರ ಸಾವಿಗೆ ಹೊಣೆ ಯಾರದು?

ತಾಳವಾಡಿ ಮೇಷ್ಟ್ರು:

ಕಳೆದ ಭಾನುವಾರ ನಮ್ಮ ಊರಿನ ವಾಚನಾಲಯದಲ್ಲಿ ಹನ್ನೊಂದನೆಯ ತರಗತಿಯ ಹುಡುಗನೊಬ್ಬ ಗಾಜಾದ ಸುದ್ದಿಯನ್ನು ಓದುತ್ತಿದ್ದವನು ತಲೆಯೆತ್ತಿ, "ಸಾರ್, ಬಂದೂಕಿನವರು ಆಸ್ಪತ್ರೆಯ ಕೆಳಗೆ ಅಡಗಿಕೊಂಡರೆ, ಆಮೇಲೆ ಆಸ್ಪತ್ರೆಯಲ್ಲಿ ಸತ್ತವರ ಪಾಪ ಅಡಗಿದವರಿಗೇ ತಾನೆ ಸೇರಬೇಕು?" ಎಂದು ಕೇಳಿದ. ಹೌದು ಎನ್ನಲೂ ಅಲ್ಲ ಎನ್ನಲೂ ನನಗೆ ನಾಲಿಗೆ ಏಳಲಿಲ್ಲ. 2023ರ ಅಕ್ಟೋಬರ್ 7ರಂದು ಹಮಾಸ್ ನೇತೃತ್ವದ ಗುಂಪುಗಳು ಇಸ್ರೇಲಿನಲ್ಲಿ ಸುಮಾರು 1,200 ಜನರನ್ನು ಕೊಂದು 251 ಮಂದಿಯನ್ನು ಒತ್ತೆಯಾಳುಗಳಾಗಿ ಎಳೆದೊಯ್ದದ್ದು ಆ ಹುಡುಗನಿಗೆ ಗೊತ್ತು. ಆ ಬಳಿಕ ಗಾಜಾದಲ್ಲಿ ಸತ್ತವರ ಸಂಖ್ಯೆ, ಅಲ್ಲಿನ ಆರೋಗ್ಯ ಸಚಿವಾಲಯದ ಲೆಕ್ಕದಂತೆ, 2025ರ ಜುಲೈ ಮುಗಿಯುವ ಹೊತ್ತಿಗೆ 60,000 ದಾಟಿದ್ದೂ ಗೊತ್ತು. ಈ ಎರಡು ಅಂಕಿಗಳನ್ನು ಯಾವ ತಕ್ಕಡಿಯಲ್ಲಿಟ್ಟು ತೂಗಬೇಕೆಂಬುದೇ ಅವನ ಪ್ರಶ್ನೆಯಾಗಿತ್ತು.

ಆಗ ನನಗೆ ನೆನಪಾದವಳು ನಮ್ಮ ಅಜ್ಜಿ. ತೊಂಬತ್ತರ ದಶಕದಲ್ಲಿ ಕಾಡಂಚಿನ ನಮ್ಮ ಮನೆಗೆ ಒಂದು ರಾತ್ರಿ ನಾಲ್ಕೈದು ಜನ ಬಂದು, ಬಂದೂಕನ್ನು ಜಗಲಿಯ ಮೇಲೊರಗಿಸಿ, ರಾಗಿ ಹಿಟ್ಟನ್ನೂ ಉಪ್ಪನ್ನೂ ಕೇಳಿದರು, ಅಜ್ಜಿ ಕೊಟ್ಟಳು. ರಾತ್ರಿ ಅವಳಿಗಿದ್ದ ಹೆದರಿಕೆಗಿಂತ ಬೆಳಗಾದ ಮೇಲಿನ ಹೆದರಿಕೆ ದೊಡ್ಡದಾಗಿತ್ತು ಎಂಬುದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹಿಟ್ಟು ಕೊಡದಿದ್ದರೆ ಪೊಲೀಸರಿಗೆ ಸುದ್ದಿ ಕೊಡುವವಳೆಂಬ ಅನುಮಾನ, ಕೊಟ್ಟರೆ ಒಳಗಿನವಳೆಂಬ ಅನುಮಾನ. ಪೊಲೀಸರಿಗೆ ಸುದ್ದಿ ಕೊಟ್ಟರೆಂದು ಕಾಡುಗಳ್ಳ ವೀರಪ್ಪನ್ ಹಳ್ಳಿಗರನ್ನು ಕೊಂದದ್ದೂ ನಿಜ, 1993ರ ಏಪ್ರಿಲ್ 9ರಂದು ಪಾಲಾರಿನ ಬಳಿ ನೆಲಬಾಂಬ್ ಸಿಡಿಸಿ 22 ಮಂದಿಯನ್ನು ಬಲಿ ತೆಗೆದುಕೊಂಡದ್ದೂ ನಿಜ. ಅವನನ್ನು ಹುಡುಕಹೊರಟ ಎರಡು ರಾಜ್ಯಗಳ ಕಾರ್ಯಪಡೆಗಳ ಮೇಲೆ ಚಿತ್ರಹಿಂಸೆಯ ದೂರುಗಳು ಬಂದು, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಿ, 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಶಿಫಾರಸು ಮಾಡಿದ್ದೂ ಅಷ್ಟೇ ನಿಜ. ಒಬ್ಬರ ತಪ್ಪು ಇನ್ನೊಬ್ಬರ ತಪ್ಪನ್ನು ತೊಳೆಯುತ್ತದೆಯೇ? ಗಡಿನಾಡಿನ ಗೆಳೆಯರು ತಿಳಿದದ್ದನ್ನು ಬರೆಯಬೇಕೆಂದು ಕೋರುತ್ತೇನೆ.

ಹೊಸೂರು ವಾಸಿ:

ಮೇಷ್ಟ್ರೇ, ಹುಡುಗ ಕೇಳಿದ್ದರಲ್ಲಿ ತಪ್ಪೇನಿದೆ ಎಂದು ನನಗೆ ತಿಳಿಯುತ್ತಿಲ್ಲ. ಜನರ ನಡುವೆ ನಿಂತು ಗುಂಡು ಹಾರಿಸುವವನಿಗೆ ತಿರುಗಿ ಬರುವ ಗುಂಡು ಯಾರಿಗೆ ತಗಲುತ್ತದೆಂಬುದು ಮೊದಲೇ ಗೊತ್ತಿರುತ್ತದೆ. ಗೊತ್ತಿದ್ದೇ ಅಲ್ಲಿ ನಿಲ್ಲುತ್ತಾನೆ. ಆ ಸಾವುಗಳ ಲೆಕ್ಕವನ್ನು ಸೈನ್ಯದ ಖಾತೆಗೆ ಬರೆದರೆ, ಅಡಗಿದವನಿಗೆ ಎರಡು ಕಡೆಯಿಂದಲೂ ಲಾಭವಾಗುತ್ತದೆ: ಬದುಕಿದರೆ ಗೆದ್ದ, ಜನ ಸತ್ತರೆ ಪ್ರಚಾರ ಸಿಕ್ಕಿತು. ನಾಳೆ ಎಲ್ಲ ಗುಂಪುಗಳೂ ಇದನ್ನೇ ಕಲಿಯುತ್ತವೆ. ಕರುಣೆಯಿಂದ ಮಾಡಿದ ನಿಯಮವೇ ಹೆಚ್ಚು ಜನರನ್ನು ಗುರಾಣಿಯಾಗಿಸುವಂತಾದರೆ ಅದರ ಹೊಣೆಯನ್ನು ಹೊರುವವರು ಯಾರು?

ಕುಂಬಳೆ ವಕೀಲ:

ಹೊಸೂರಿನವರ ವಾದವನ್ನು ತಳ್ಳಿಹಾಕುವಂತಿಲ್ಲ, ಆದರೆ ಅದು ಅರ್ಧಕ್ಕೆ ನಿಂತಿದೆ. 1949ರ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಹೆಚ್ಚುವರಿ ಒಡಂಬಡಿಕೆಯ 51ನೆಯ ವಿಧಿಯನ್ನು ಸಾವಧಾನವಾಗಿ ಓದಿದರೆ ಈ ಪ್ರಶ್ನೆಯನ್ನು ಅದು ಮುಖಾಮುಖಿ ಎದುರಿಸಿರುವುದು ಕಾಣುತ್ತದೆ. ಅದರ ಏಳನೆಯ ಉಪವಿಧಿ ನಾಗರಿಕರನ್ನು ಗುರಾಣಿಯಾಗಿ ಬಳಸುವುದನ್ನು ನಿಷೇಧಿಸುತ್ತದೆ. ಅದರ ಬೆನ್ನಿಗೇ ಬರುವ ಎಂಟನೆಯದು, ಎದುರಾಳಿ ಈ ನಿಷೇಧವನ್ನು ಮುರಿದನೆಂಬ ಕಾರಣಕ್ಕೆ ನಾಗರಿಕರ ಬಗೆಗಿನ ನಿನ್ನ ಕರ್ತವ್ಯ ತಪ್ಪುವುದಿಲ್ಲ ಎನ್ನುತ್ತದೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟವರಿಗೆ ತಾವು ಮಾಡುತ್ತಿದ್ದುದೇನೆಂಬುದು ಚೆನ್ನಾಗಿ ಗೊತ್ತಿತ್ತು. ನಮ್ಮ ದೇಶ ಆ ಒಡಂಬಡಿಕೆಗೆ ಸೇರಿಲ್ಲ, ಆದರೆ ನಾಗರಿಕರನ್ನು ಹೋರಾಡುವವರಿಂದ ಬೇರ್ಪಡಿಸಿ ನೋಡಬೇಕೆಂಬ ಮೂಲ ನಿಯಮವು ಒಡಂಬಡಿಕೆಗೆ ಸಹಿ ಹಾಕದವರನ್ನೂ ಕಟ್ಟುವ ರೂಢಿಯ ಕಾನೂನಾಗಿದೆ.

ಹೊಣೆಯೆಂಬುದು ಪಿತ್ರಾರ್ಜಿತ ಜಮೀನಲ್ಲ, ಅಣ್ಣನಿಗೆ ಹೆಚ್ಚು ಹೋದರೆ ತಮ್ಮನಿಗೆ ಕಡಿಮೆಯಾಗಲು. ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯವು 2024ರ ನವೆಂಬರ್ 21ರಂದು ಇಸ್ರೇಲಿನ ಪ್ರಧಾನಿ ನೆತನ್ಯಾಹು ಮತ್ತು ಮಾಜಿ ರಕ್ಷಣಾ ಸಚಿವ ಗ್ಯಾಲಂಟ್ ಅವರ ವಿರುದ್ಧವೂ, ಹಮಾಸ್‌ನ ಸೇನಾ ಮುಖ್ಯಸ್ಥ ದೈಫ್ ವಿರುದ್ಧವೂ ಒಂದೇ ದಿನ ಬಂಧನದ ವಾರಂಟ್ ಹೊರಡಿಸಿತು. 2009ರಲ್ಲಿ ಮುಗಿದ ಶ್ರೀಲಂಕಾ ಅಂತರ್ಯುದ್ಧದ ಕೊನೆಯ ತಿಂಗಳುಗಳ ಬಗ್ಗೆ ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಕೊಟ್ಟ ವರದಿಯೂ ಹೀಗೆಯೇ ಇದೆ: ತಾನೇ ಗುಂಡು ಹಾರಿಸದ ವಲಯವೆಂದು ಘೋಷಿಸಿದ ಜಾಗಗಳ ಮೇಲೂ ಆಸ್ಪತ್ರೆಗಳ ಮೇಲೂ ಸರ್ಕಾರಿ ಸೇನೆ ಶೆಲ್ ಎಸೆದದ್ದರ ಬಗ್ಗೆಯೂ, ಹೊರಗೆ ಹೋಗಲು ಹೊರಟ ತಮ್ಮದೇ ಜನರ ಮೇಲೆ ಎಲ್‌ಟಿಟಿಇಯವರು ಗುಂಡು ಹಾರಿಸಿದ್ದರ ಬಗ್ಗೆಯೂ ನಂಬಲರ್ಹ ಆರೋಪಗಳಿವೆಯೆಂದು ಅದು ಹೇಳಿತು. ಸತ್ತ ನಾಗರಿಕರ ಸಂಖ್ಯೆ 40,000ದವರೆಗೆ ಇರಬಹುದೆಂಬುದನ್ನು ಅಲ್ಲಗಳೆಯಲಾಗದು ಎಂದದ್ದೂ ಆ ಸಮಿತಿಯೇ.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ತಿದ್ದಿಬಿಡುತ್ತೇನೆ. ಪ್ರಮಾಣಬದ್ಧತೆ ಎಂದರೆ ಅವರ ಕಡೆ ಇಷ್ಟು, ನಮ್ಮ ಕಡೆ ಇಷ್ಟು ಎಂದು ಹೆಣಗಳನ್ನು ಸರಿದೂಗಿಸುವುದೆಂದು ಹಲವರು ತಿಳಿದಿದ್ದಾರೆ. ಒಂದೊಂದು ದಾಳಿಗೂ ಮುನ್ನ, ಅದರಿಂದ ಸಿಗಬಹುದಾದ ನೇರವಾದ, ನಿರ್ದಿಷ್ಟವಾದ ಸೈನಿಕ ಲಾಭಕ್ಕೆ ಹೋಲಿಸಿದರೆ ನಾಗರಿಕರಿಗೆ ಆಗಲಿರುವ ಹಾನಿ ಮಿತಿ ಮೀರುತ್ತದೆಯೇ ಎಂದು ಅಳೆಯುವುದೇ ಅದು. ದಾಳಿ ಮುಗಿದ ಮೇಲೆ ಸಿಕ್ಕ ಜಾಣತನದಿಂದ ಅದನ್ನು ಅಳೆಯಬಾರದು. ಆ ಹೊತ್ತಿಗೆ ತಿಳಿದಿದ್ದುದರಿಂದ ಅಳೆಯಬೇಕು, ಜೊತೆಗೆ ತಿಳಿದುಕೊಳ್ಳಲು ಸಾಧ್ಯವಿದ್ದುದನ್ನು ತಿಳಿದುಕೊಂಡಿದ್ದರೇ ಎಂದೂ ಕೇಳಬೇಕು.

ಜತ್ತದ ಹುಡುಗ:

ವಕೀಲರೇ, ಈ ಕಾನೂನನ್ನು ಬರೆದವರು ವಿಮಾನ ಉಳ್ಳವರು. ಸಮವಸ್ತ್ರ ತೊಟ್ಟು ಬಯಲಿಗೆ ಬಾ ಎಂದು ವಿಮಾನವಿಲ್ಲದವನಿಗೆ ಹೇಳುವುದು, ಈಜು ಬಾರದವನನ್ನು ಹೊಳೆಯ ನಡುವೆ ಕುಸ್ತಿಗೆ ಕರೆದಂತೆ. ಬಲಹೀನರಿಗೆ ಜನರೇ ಕಾಡು, ಜನರೇ ಕೋಟೆ. ಅದನ್ನೂ ಬಿಡು ಎಂದರೆ ಸೋಲು ಎಂಬುದಕ್ಕೆ ಇನ್ನೊಂದು ಹೆಸರು ಅಷ್ಟೇ ಅಲ್ಲವೇ?

ಕುಂಬಳೆ ವಕೀಲ:

ತಮ್ಮಾ, ನಿನ್ನ ಈ ದೂರನ್ನು 1977ರಲ್ಲೇ ಕೇಳಿಸಿಕೊಂಡಿದ್ದಾರೆ. ಅದೇ ಒಡಂಬಡಿಕೆಯ 44ನೆಯ ವಿಧಿಯು, ಸಮವಸ್ತ್ರ ತೊಟ್ಟು ಬೇರೆಯಾಗಿ ಕಾಣಿಸಿಕೊಳ್ಳಲು ಸಾಧ್ಯವೇ ಇಲ್ಲದ ಸನ್ನಿವೇಶಗಳಿವೆಯೆಂದು ಒಪ್ಪಿ, ಅಂಥವನು ಕಾದಾಟದ ಹೊತ್ತಿನಲ್ಲಿಯೂ ದಾಳಿಗೆ ಅಣಿಯಾಗಿ ಎದುರಾಳಿಯ ಕಣ್ಣಿಗೆ ಬೀಳುವ ಹೊತ್ತಿನಲ್ಲಿಯೂ ಆಯುಧವನ್ನು ಬಹಿರಂಗವಾಗಿ ಹಿಡಿದಿದ್ದರೆ ಸಾಕು, ಯೋಧನೆಂಬ ಸ್ಥಾನವನ್ನು ಕಳೆದುಕೊಳ್ಳುವುದಿಲ್ಲ ಎಂದಿತು. ಈ ರಿಯಾಯಿತಿಯೂ ಒಂದು ಕಾರಣವಾಗಿ 1987ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಒಡಂಬಡಿಕೆಯನ್ನು ಅನುಮೋದನೆಗೆ ಕಳಿಸಲಿಲ್ಲ. ಎಂದರೆ, ವಿಮಾನವಿಲ್ಲದವನಿಗೆ ಅಡಗುವ ಅವಕಾಶವನ್ನು ಕೊಟ್ಟದ್ದುಂಟು. ನಾಗರಿಕರನ್ನು ಕೊಲ್ಲುವ, ಅವರನ್ನು ಮುಂದಿಟ್ಟುಕೊಂಡು ಹಿಂದೆ ನಿಲ್ಲುವ ಅವಕಾಶವನ್ನು ಕೊಟ್ಟಿಲ್ಲ. ಶ್ರೀಲಂಕಾದ ಆ ಯುದ್ಧ ಕೊನೆಗೊಂಡ ಮುಳ್ಳಿವಾಯ್ಕಾಲ್‌ನ ಮರಳ ದಂಡೆಯಲ್ಲಿ ಸಿಕ್ಕಿಬಿದ್ದ ತಾಯಿಗೆ ನೀನು ಕೋಟೆಯಾಗಿರು ಎಂದು ಹೇಳುವ ಹಕ್ಕು ಯಾರಿಗಿತ್ತು? ಅವಳ ಪರವಾಗಿಯೇ ಹೋರಾಡುತ್ತೇವೆಂದವರಿಗೂ ಇರಲಿಲ್ಲ.

ಹಳೆಯ ಫೌಜಿ, ದೇಂಕಣಿಕೋಟೆ:

ನಾನು ಸಾಮಾನ್ಯವಾಗಿ ಓದಿ ಸುಮ್ಮನಿರುವವನು. ಶ್ರೀಲಂಕಾದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. 1987ರಿಂದ 1990ರವರೆಗೆ ಅಲ್ಲಿಗೆ ಹೋದ ಭಾರತೀಯ ಶಾಂತಿಪಾಲನಾ ಪಡೆ ಸುಮಾರು 1,200 ಯೋಧರನ್ನು ಕಳೆದುಕೊಂಡಿತು. ನಾನು ಆ ಪಡೆಯಲ್ಲಿ ಇಪ್ಪತ್ತೆರಡು ವರ್ಷದ ಸಿಪಾಯಿ. 1987ರ ಅಕ್ಟೋಬರಿನಲ್ಲಿ ಜಾಫ್ನಾದ ಆಸ್ಪತ್ರೆಯೊಳಗೆ ವೈದ್ಯರೂ ದಾದಿಯರೂ ರೋಗಿಗಳೂ ಗುಂಡಿಗೆ ಬಲಿಯಾದದ್ದು ಲೋಕಕ್ಕೆ ತಿಳಿದದ್ದೇ. ನಾನಲ್ಲಿ ಇರಲಿಲ್ಲ, ಆದ್ದರಿಂದ ಆ ಬಗ್ಗೆ ಸಾಕ್ಷಿ ಹೇಳಲಾರೆ. ನಾನಿದ್ದ ಬೇರೊಂದು ಊರಿನ ಸಂಗತಿ ಮಾತ್ರ ಹೇಳುತ್ತೇನೆ.

ತಾಳೆಮರಗಳ ಸಾಲಿನ ಹಿಂದೆ ಮೂರು ಮನೆಗಳು. ನಡುವಿನ ಮನೆಯ ಕಡೆಯಿಂದ ಒಬ್ಬನೋ ಇಬ್ಬರೋ ಬಿಟ್ಟು ಬಿಟ್ಟು ಗುಂಡು ಹಾರಿಸುತ್ತಿದ್ದರು. ನಮ್ಮ ಬಳಿ ರಾಕೆಟ್ ಲಾಂಚರ್ ಇತ್ತು. ಒಂದು ಹೊಡೆದಿದ್ದರೆ ಮನೆಯೇ ಇರುತ್ತಿರಲಿಲ್ಲ. ಒಳಗೆ ಮಗು ಅಳುವ ದನಿ ಕೇಳಿಸಿದೆಯೆಂದು ನಮ್ಮ ಹವಲ್ದಾರರು ಹೊಡೆಯಬೇಡಿ ಎಂದರು, ಬಳಸಿಕೊಂಡು ಹೋಗಿ ಎಂದರು. ಬಳಸಿಕೊಂಡು ಹೋಗುವಾಗ ನನ್ನ ಜೊತೆಯವನ ಕಾಲು ನೆಲಬಾಂಬಿನ ಮೇಲೆ ಬಿತ್ತು. ನಾವು ಮನೆ ತಲುಪುವಷ್ಟರಲ್ಲಿ ಗುಂಡು ಹಾರಿಸಿದವರು ಹೋಗಿಯಾಗಿತ್ತು. ಮಗು ಇತ್ತು. ಹಲವು ವರ್ಷ ನಾನು ಆ ಹವಲ್ದಾರರನ್ನು ಮನಸ್ಸಿನಲ್ಲಿ ಬೈದುಕೊಂಡೇ ಇದ್ದೆ. ಜೊತೆಯವನು ಬೈದದ್ದನ್ನು ನಾನು ಕೇಳಿಲ್ಲ.

ಸಂಯಮ ಎಂದು ಬರೆಯುವವರು ಆ ಸಂಯಮದ ಬೆಲೆಯನ್ನು ಯಾರ ಕಾಲಿನಿಂದ ಕೊಡಲಾಯಿತೆಂಬುದನ್ನು ಬರೆಯುವುದಿಲ್ಲ. ಹೊಸೂರಿನವರ ಸಿಟ್ಟು ನನಗೆ ಅರ್ಥವಾಗುವುದು ಇದಕ್ಕೇ. ಆದರೂ ಒಂದು ಮಾತು: ಬಂದೂಕು ಹೊರುವುದಕ್ಕೆ ಸಂಬಳ ಪಡೆದವನು ನಾನು, ಆ ಮಗುವಲ್ಲ. ಅಪಾಯ ಯಾರ ಪಾಲಿಗೆ ಹೋಗಬೇಕೆಂದು ಆರಿಸುವ ಅಧಿಕಾರ ನಮ್ಮ ಕೈಯಲ್ಲಿದ್ದಾಗ, ಅದನ್ನು ಮಗುವಿನ ಮೇಲೆ ಹಾಕಿ ಎದುರಾಳಿಯತ್ತ ಬೆರಳು ತೋರಿಸಿದ್ದರೆ ಅದು ಸುಳ್ಳಾಗುತ್ತಿತ್ತು.

ಕುಂಬಳೆ ವಕೀಲ:

ದೇಂಕಣಿಕೋಟೆಯ ಸುಬೇದಾರರೇ, ನೀವು ಬರೆದ ಕೊನೆಯ ವಾಕ್ಯ ನಾನು ಓದಿದ ಹಲವು ತೀರ್ಪುಗಳಿಗಿಂತ ಸ್ಪಷ್ಟವಾಗಿದೆ. ಅದರ ತಿರುವುಮುರುವಿಗೆ ಒಂದು ಉದಾಹರಣೆ ಕೊಡುತ್ತೇನೆ. 1999ರಲ್ಲಿ ಕೊಸೊವೊ ವಿಷಯದಲ್ಲಿ ನೇಟೋ 78 ದಿನ ಯುಗೊಸ್ಲಾವಿಯದ ಮೇಲೆ ಬಾಂಬು ಹಾಕಿತು. ವಿಮಾನಗಳು ಕೆಳಗಿನಿಂದ ಬರುವ ಗುಂಡಿಗೆ ಸಿಗಬಾರದೆಂದು ಮೊದಮೊದಲು ಹದಿನೈದು ಸಾವಿರ ಅಡಿಗಿಂತ ಕೆಳಗಿಳಿಯಬಾರದೆಂಬ ಕಟ್ಟಳೆಯಿತ್ತು. ನೇಟೋದ ಒಬ್ಬ ಯೋಧನೂ ಕಾಳಗದಲ್ಲಿ ಸಾಯಲಿಲ್ಲ. ಹ್ಯೂಮನ್ ರೈಟ್ಸ್ ವಾಚ್‌ನ ಲೆಕ್ಕದಂತೆ ಸುಮಾರು 500 ನಾಗರಿಕರು ಸತ್ತರು. ಉದ್ದೇಶ ಒಳ್ಳೆಯದೆಂದು ಒಪ್ಪೋಣ, ಆದರೆ ಅಷ್ಟು ಎತ್ತರದಿಂದ ಟ್ರ್ಯಾಕ್ಟರಿಗೂ ಟ್ಯಾಂಕಿಗೂ ವ್ಯತ್ಯಾಸ ತಿಳಿಯುವುದು ಕಷ್ಟ. ಪೈಲಟ್‌ನಿಂದ ಇಳಿಸಿದ ಅಪಾಯ ಮಾಯವಾಗಲಿಲ್ಲ, ರಸ್ತೆಯಲ್ಲಿದ್ದವರ ತಲೆಗೆ ಏರಿತು. ಯುಗೊಸ್ಲಾವಿಯಕ್ಕಾಗಿ ವಿಶ್ವಸಂಸ್ಥೆ ರಚಿಸಿದ್ದ ಅಪರಾಧ ನ್ಯಾಯಮಂಡಳಿಯ ಅಭಿಯೋಜಕರು 2000ದಲ್ಲಿ ಇದರ ಬಗ್ಗೆ ತನಿಖೆ ಆರಂಭಿಸಬೇಕಾಗಿಲ್ಲವೆಂದು ತೀರ್ಮಾನಿಸಿದರು. ಕಾನೂನಿನಲ್ಲಿ ಅದು ಅಲ್ಲಿಗೆ ಮುಗಿಯಿತು. ನೀತಿಯಲ್ಲಿ ಮುಗಿಯಿತೆಂದು ನನಗೆ ಅನ್ನಿಸುವುದಿಲ್ಲ.

ಹೊಸೂರು ವಾಸಿ:

ಸುಬೇದಾರರ ಮಾತಿಗೆ ತಲೆಬಾಗುತ್ತೇನೆ. ಆದರೆ ಅವರು ಹೇಳಿದ್ದು ಒಬ್ಬ ಹವಲ್ದಾರರ ದೊಡ್ಡತನ. ದೊಡ್ಡತನವನ್ನು ಎಲ್ಲ ಸಿಪಾಯಿಗಳಿಗೂ ಕಡ್ಡಾಯ ಮಾಡಲಾದೀತೇ? ಹೀಗೆ ಕಾಲು ಕಳೆದುಕೊಳ್ಳುತ್ತಾ ಹೋದರೆ ಯಾವ ತಾಯಿ ಮಗನನ್ನು ಸೈನ್ಯಕ್ಕೆ ಕಳಿಸುತ್ತಾಳೆ?

ಹಳೆಯ ಫೌಜಿ, ದೇಂಕಣಿಕೋಟೆ:

ಎಲ್ಲ ಅಪಾಯವನ್ನೂ ಹೊರಬೇಕೆಂದು ನಾನು ಹೇಳಿಲ್ಲ. ಸುತ್ತ ನೂರು ಬಾಂಬಿದ್ದರೂ ನುಗ್ಗಿ ಎನ್ನುವುದು ಮೂರ್ಖತನ. ಆದರೆ ಸ್ವಲ್ಪವೂ ಹೊರುವುದಿಲ್ಲ ಎನ್ನುವವನು ಸಿಪಾಯಿಯ ಕೆಲಸಕ್ಕೆ ಬರಬಾರದು. ಎಲ್ಲಿ ಗೆರೆ ಎಂದು ಕೇಳಿದರೆ, ನನಗೆ ಅಲ್ಲಿ ನಿಂತಾಗ ಮಾತ್ರ ತಿಳಿಯುತ್ತಿತ್ತು. ಇಲ್ಲಿ ಕುಳಿತು ಹೇಳಲು ಬರುವುದಿಲ್ಲ.

ಆದವಾನಿ ಇತಿಹಾಸ:

ನಮ್ಮ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಅಶೋಕನ ಹದಿನಾಲ್ಕು ಬಂಡೆಶಾಸನಗಳೂ ಇವೆ. ಹದಿಮೂರನೆಯದು ಕಳಿಂಗದ ಬಗ್ಗೆ. ಒಂದೂವರೆ ಲಕ್ಷ ಜನರನ್ನು ಸೆರೆಯೊಯ್ದೆವು, ಒಂದು ಲಕ್ಷ ಜನ ಹತರಾದರು, ಅದರ ಹಲವು ಪಟ್ಟು ಜನ ಸತ್ತರು ಎಂದು ಅರಸನೇ ಒಪ್ಪಿಕೊಳ್ಳುತ್ತಾನೆ. ಈ ಮೂರನೆಯ ಗುಂಪನ್ನು ಗಮನಿಸಿ: ಹತರಾದವರಿಂದ ಬೇರೆಯಾಗಿ ಎಣಿಸಿದ, ಹಸಿವಿನಿಂದಲೋ ರೋಗದಿಂದಲೋ ದಿಕ್ಕೆಟ್ಟೋ ಸತ್ತಿರಬೇಕಾದ ಜನ. ತನಗೇನೂ ಆಗದಿದ್ದರೂ ತನ್ನ ಪ್ರೀತಿಪಾತ್ರರಿಗೆ ಕೇಡಾದದ್ದರಿಂದ ನೋಯುವವನ ನೋವನ್ನೂ ಆ ಶಾಸನ ಹಾನಿಯೆಂದೇ ಲೆಕ್ಕಕ್ಕೆ ಹಿಡಿಯುತ್ತದೆ. ಇಂದಿನ ಸೇನಾ ವರದಿಗಳು ಈ ಇಬ್ಬರನ್ನೂ ಎಣಿಸುವುದು ಅಪರೂಪ.

ಆದರೆ ಅಶೋಕನನ್ನು ಹೊಗಳಿ ನಿಲ್ಲಿಸುವ ಪಠ್ಯಪುಸ್ತಕದ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಎರಡು ಸಂಗತಿಗಳನ್ನು ತರಗತಿಯಲ್ಲಿ ಹೇಳುವುದೇ ಇಲ್ಲ. ಒಂದು, ಅದೇ ಶಾಸನದಲ್ಲಿ ಕಾಡಿನ ಜನರಿಗೆ ಎಚ್ಚರಿಕೆಯಿದೆ: ಪಶ್ಚಾತ್ತಾಪಪಟ್ಟವನಾದರೂ ತನಗೆ ದಂಡಿಸುವ ಬಲವಿದೆ, ತಿದ್ದಿಕೊಳ್ಳಿ ಎನ್ನುತ್ತಾನೆ. ತಾಳವಾಡಿಯ ಮೇಷ್ಟ್ರಿಗೆ ಈ ಸಾಲು ಹೊಸದೆನಿಸಲಾರದು. ಎರಡು, ಈ ಪಶ್ಚಾತ್ತಾಪದ ಶಾಸನ ಕಳಿಂಗದಲ್ಲೇ ಇಲ್ಲ. ಅಲ್ಲಿನ ಧೌಲಿಯಲ್ಲಿಯೂ ಜೌಗಡದಲ್ಲಿಯೂ ಹದಿಮೂರನೆಯದನ್ನು ಬಿಟ್ಟು ಅಧಿಕಾರಿಗಳಿಗೆ ಸೂಚನೆ ಕೊಡುವ ಬೇರೆ ಶಾಸನಗಳನ್ನು ಕೆತ್ತಿಸಿದ್ದಾನೆ. ಕೇಡು ಅನುಭವಿಸಿದವರೊಬ್ಬರನ್ನು ಬಿಟ್ಟು ಮಿಕ್ಕವರಿಗೆಲ್ಲ ಕ್ಷಮಾಪಣೆಯನ್ನು ಓದಿಸಿದಂತಾಯಿತು.

2021ರ ಆಗಸ್ಟ್ 29ರಂದು ಕಾಬೂಲಿನಲ್ಲಿ ಅಮೆರಿಕದ ಡ್ರೋನ್ ಒಂದು ಕಾರಿನ ಮೇಲೆ ಕ್ಷಿಪಣಿ ಬಿಟ್ಟು ಏಳು ಮಕ್ಕಳೂ ಸೇರಿ ಹತ್ತು ನಾಗರಿಕರನ್ನು ಕೊಂದಿತು. ಮೊದಲು ಅದು ಸರಿಯಾದ ದಾಳಿಯೆಂದರು, ಕೆಲವು ವಾರಗಳ ಬಳಿಕ ತಪ್ಪಾಯಿತೆಂದರು, ಕೊನೆಗೆ ಯಾರ ಮೇಲೂ ಶಿಸ್ತುಕ್ರಮವಿಲ್ಲವೆಂದರು. ಅದೇ ಅಫ್ಘಾನಿಸ್ತಾನದ ಕುಂದುಜ್‌ನಲ್ಲಿ 2015ರ ಅಕ್ಟೋಬರ್ 3ರಂದು ಗಡಿಯಿಲ್ಲದ ವೈದ್ಯರ ಸಂಸ್ಥೆ ತನ್ನ ಆಸ್ಪತ್ರೆ ಎಲ್ಲಿದೆಯೆಂಬುದನ್ನು ಮುಂಚೆಯೇ ತಿಳಿಸಿದ್ದರೂ ಅಮೆರಿಕದ ವಿಮಾನದಾಳಿಯಲ್ಲಿ 42 ಮಂದಿ ಸತ್ತರು. 16 ಜನ ಸೈನಿಕರ ಮೇಲೆ ಇಲಾಖಾ ಕ್ರಮವಾಯಿತು, ಕ್ರಿಮಿನಲ್ ಮೊಕದ್ದಮೆ ಒಂದೂ ಆಗಲಿಲ್ಲ. ಬೇಕೆಂದು ಮಾಡಲಿಲ್ಲ ಎಂಬುದು ಉತ್ತರ. ನೋಡುವ ಸಾಧನವೆಲ್ಲ ಇದ್ದೂ ನೋಡದಿರುವುದನ್ನು ಏನೆಂದು ಕರೆಯಬೇಕು?

ತಾಳವಾಡಿ ಮೇಷ್ಟ್ರು:

ಅಕ್ಕಾ, ಕಾಡಿನ ಜನರಿಗೆ ಕೊಟ್ಟ ಎಚ್ಚರಿಕೆಯ ಸಾಲು ನನಗೆ ನಿಜಕ್ಕೂ ತಿಳಿದಿರಲಿಲ್ಲ. ಇವತ್ತು ಮೂರು ಸಲ ಓದಿದೆ.

ಅಪಾಯವನ್ನು ಹೊರುವುದರ ಬಗ್ಗೆ ಸುಬೇದಾರರು ಬರೆದದ್ದಕ್ಕೆ ನಮ್ಮ ಕಡೆಯ ಒಂದು ಉದಾಹರಣೆ ಸೇರಿಸುತ್ತೇನೆ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರು ವೀರಪ್ಪನ್‌ನ ಹುಟ್ಟೂರಾದ ಗೋಪಿನಾಥಂನಲ್ಲಿಯೇ ನೆಲೆಸಿ, ಜನರಿಗೆ ಔಷಧಿ ಕೊಡಿಸಿ, ಮಾರಿಯಮ್ಮನ ಗುಡಿ ಕಟ್ಟಿಸಿ, ಊರಿನ ವಿಶ್ವಾಸ ಗಳಿಸಿದ್ದರು. 1991ರ ನವೆಂಬರಿನಲ್ಲಿ ಶರಣಾಗುತ್ತೇನೆಂದು ಕರೆಸಿ ವೀರಪ್ಪನ್ ಅವರನ್ನು ಕೊಂದ. ಆಮೇಲೆ ಬಂದವರು ಊರನ್ನು ನಂಬಬಾರದೆಂಬ ಪಾಠವನ್ನು ಅದರಿಂದ ಕಲಿತರೆಂದು ನನಗನ್ನಿಸುತ್ತದೆ. ಅವರ ಸಾವಿಗೆ ಕಣ್ಣೀರಿಟ್ಟ ಊರದು ಎಂಬುದು ಆ ಪಾಠದಲ್ಲಿ ಸೇರಲಿಲ್ಲ.

ವಕೀಲರಲ್ಲಿ ಒಂದು ಪ್ರಶ್ನೆ. ಬಂದೂಕಿನವರಿಗೆ ಹಿಟ್ಟು ಕೊಟ್ಟ ಅಜ್ಜಿ ಕಾನೂನಿನ ಕಣ್ಣಿನಲ್ಲಿ ಏನು?

ಕುಂಬಳೆ ವಕೀಲ:

ನಾಗರಿಕಳು. ಯುದ್ಧದಲ್ಲಿ ನೇರವಾಗಿ ಪಾಲ್ಗೊಳ್ಳುವುದೆಂದರೇನೆಂದು ಅಂತಾರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ 2009ರಲ್ಲಿ ವಿವರಣೆ ಹೊರತಂದಿತು. ಊಟ ಕೊಡುವುದು, ಆಶ್ರಯ ಕೊಡುವುದು ಅದರೊಳಗೆ ಬರುವುದಿಲ್ಲ, ಮನಸ್ಸಿನಿಂದ ಕೊಟ್ಟರೂ ಬರುವುದಿಲ್ಲ. ದೇಶದ ಕಾನೂನಿನಲ್ಲಿ ಅಪರಾಧಿಗೆ ನೆರವಾದ ಪ್ರಶ್ನೆ ಏಳಬಹುದು, ಆದರೆ ಬೆದರಿಕೆಗೆ ಒಳಗಾಗಿ ಕೊಟ್ಟದ್ದಕ್ಕೆ ಅಲ್ಲೂ ರಕ್ಷಣೆಯಿದೆ.

ಇಷ್ಟು ಹೊತ್ತು ನಾವೆಲ್ಲ ಒಂದು ಮುಖ್ಯ ವ್ಯತ್ಯಾಸವನ್ನು ಹಾರಿಬಿಟ್ಟಿದ್ದೇವೆ, ನಾನೂ ಸೇರಿ. ವೀರಪ್ಪನ್ ಬೇಟೆ ಕಾನೂನಿನ ಅರ್ಥದಲ್ಲಿ ಸಶಸ್ತ್ರ ಸಂಘರ್ಷವೇ ಅಲ್ಲ, ಪೊಲೀಸ್ ಕಾರ್ಯಾಚರಣೆ. ಹಾಗೆಂದರೆ ಜನರ ರಕ್ಷಣೆ ಅಲ್ಲಿ ಇನ್ನೂ ಬಿಗಿ. ಸೈನಿಕ ಲಾಭಕ್ಕೆ ಹೋಲಿಸಿ ನಾಗರಿಕ ಹಾನಿಯನ್ನು ಅಳೆಯುವ ಮಾತೇ ಬರುವುದಿಲ್ಲ. ಜೀವ ಉಳಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ ಪ್ರಾಣ ತೆಗೆಯುವ ಬಲವನ್ನು ಪೊಲೀಸರು ಬಳಸಬಹುದು. ವಾಚಾತಿಯಲ್ಲಿ ಯುದ್ಧದ ನೆಪವೂ ಇರಲಿಲ್ಲ. 1992ರ ಜೂನ್ 20ರಂದು ಧರ್ಮಪುರಿ ಜಿಲ್ಲೆಯ ಆ ಊರಿಗೆ ಗಂಧದ ಮರದ ಕಳ್ಳಸಾಗಣೆ ಹುಡುಕಹೋದ ಅರಣ್ಯ, ಪೊಲೀಸ್, ಕಂದಾಯ ಇಲಾಖೆಗಳ ನೌಕರರು ಊರನ್ನೇ ದಂಡಿಸಿದರು. 18 ಮಹಿಳೆಯರ ಮೇಲೆ ಅತ್ಯಾಚಾರವಾಯಿತು. ಆರೋಪಿಗಳು 269 ಜನ. 2011ರಲ್ಲಿ ತೀರ್ಪು ಬಂದಾಗ ಅವರಲ್ಲಿ 54 ಮಂದಿ ತೀರಿಕೊಂಡಿದ್ದರು, ಬದುಕಿದ್ದ 215 ಮಂದಿಗೂ ಶಿಕ್ಷೆಯಾಯಿತು. 2023ರ ಸೆಪ್ಟೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಮೂವತ್ತೊಂದು ವರ್ಷ.

ನಾಗಾಲ್ಯಾಂಡಿನ ಓಟಿಂಗ್‌ನಲ್ಲಿ ಅಷ್ಟೂ ಆಗಲಿಲ್ಲ. 2021ರ ಡಿಸೆಂಬರ್ 4ರಂದು ಕಲ್ಲಿದ್ದಲು ಗಣಿಯಿಂದ ಮನೆಗೆ ಮರಳುತ್ತಿದ್ದ ಕಾರ್ಮಿಕರನ್ನು ಬಂಡುಕೋರರೆಂದು ತಪ್ಪಾಗಿ ತಿಳಿದು ಸೇನೆಯ ವಿಶೇಷ ಪಡೆ ಆರು ಜನರನ್ನು ಕೊಂದಿತು. ರಾಜ್ಯದ ಪೊಲೀಸರು 30 ಸೈನಿಕರ ಮೇಲೆ ದೋಷಾರೋಪ ಪಟ್ಟಿ ಸಲ್ಲಿಸಿದರೂ, ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯಂತೆ ಬೇಕಾದ ಕೇಂದ್ರದ ಅನುಮತಿ 2023ರಲ್ಲಿ ನಿರಾಕರಣೆಯಾಯಿತು. 2024ರಲ್ಲಿ ಸುಪ್ರೀಂ ಕೋರ್ಟ್ ಮೊಕದ್ದಮೆಯನ್ನು ಮುಕ್ತಾಯಗೊಳಿಸಿತು. ತಪ್ಪಾಗಿ ತಿಳಿದದ್ದು ಅಪರಾಧವೋ ಅಲ್ಲವೋ ಎಂಬುದನ್ನು ಯಾವ ನ್ಯಾಯಾಲಯವೂ ಸಾಕ್ಷಿ ಕೇಳಿ ತೀರ್ಮಾನಿಸಿಲ್ಲ ಎಂಬುದೇ ನನ್ನ ಆಕ್ಷೇಪ.

ಹೊಸೂರು ವಾಸಿ:

ಓಟಿಂಗ್ ವಿಷಯದಲ್ಲಿ ಒಪ್ಪುತ್ತೇನೆ. ಅಲ್ಲಿ ಯಾರೂ ಯಾರ ಹಿಂದೆಯೂ ಅಡಗಿರಲಿಲ್ಲ. ಮಿಕ್ಕದ್ದನ್ನು ಯೋಚಿಸಬೇಕು.

ಆಸನೂರಿನ ದಾದಿ:

ಎಲ್ಲರೂ ದೊಡ್ಡ ದೊಡ್ಡ ಊರುಗಳ ಮಾತಾಡುತ್ತಿದ್ದೀರಿ. ನನ್ನದು ಚಿಕ್ಕ ಪ್ರಶ್ನೆ. ನಾನು ಔಷಧಿ ಕೊಡಲು ಹೋಗುವ ಒಂದು ಹಾಡಿಯಲ್ಲಿ ವಯಸ್ಸಾದ ಒಬ್ಬ ತಾಯಿಯಿದ್ದಾರೆ. ವೀರಪ್ಪನ್ ಬೇಟೆಯ ಆ ದಿನಗಳಲ್ಲಿ ಅವರ ಗಂಡನನ್ನು ಕರೆದೊಯ್ದರು. ಮರಳಿ ಬಂದ ಮೇಲೆ ಅವರಿಗೆ ನೇಗಿಲು ಹಿಡಿಯಲಾಗಲಿಲ್ಲ. ಕರೆದೊಯ್ದವರು ಯಾರೆಂದು ಇಲ್ಲಿ ಬರೆಯುವುದಿಲ್ಲ, ಆ ತಾಯಿಯೂ ನನಗೆ ಹೇಳಿಲ್ಲ. ಆ ತಾಯಿ ಯಾವ ಸಮಿತಿಯ ಮುಂದೆಯೂ ಹೇಳಿಕೆ ಕೊಟ್ಟಿಲ್ಲ, ಹೇಳಿಕೆ ಕೊಡಬಹುದೆಂದು ಅವರಿಗೆ ತಿಳಿದೇ ಇರಲಿಲ್ಲ. ಮೇಷ್ಟ್ರು ಬರೆದ ಪರಿಹಾರದ 89 ಮಂದಿಯಲ್ಲಿ ಅವರಿಲ್ಲ. ಹೊಣೆ ಯಾರದೆಂಬುದು ತೀರ್ಮಾನವಾದ ಮೇಲೆ ಇಂಥವರಿಗೆ ಏನಾದರೂ ಆಗುತ್ತದೆಯೇ, ಅಥವಾ ಅದಕ್ಕೂ ಗಡುವು ಮೀರಿದೆಯೇ?

ಕುಂಬಳೆ ವಕೀಲ:

ತಂಗೀ, ಪ್ರಶ್ನೆ ಚಿಕ್ಕದಲ್ಲ. ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ 1993ರ 36ನೆಯ ಕಲಮಿನ ಪ್ರಕಾರ ಘಟನೆ ನಡೆದು ಒಂದು ವರ್ಷ ಕಳೆದ ಮೇಲೆ ಆಯೋಗ ಹೊಸದಾಗಿ ವಿಚಾರಣೆ ನಡೆಸುವಂತಿಲ್ಲ, ಆ ಬಾಗಿಲು ಮುಚ್ಚಿದಂತೆಯೇ. ಸಂವಿಧಾನದ 226ನೆಯ ವಿಧಿಯಂತೆ ಹೈಕೋರ್ಟಿಗೆ ಹೋಗುವ ದಾರಿಯಿದೆ. ಮೂಲಭೂತ ಹಕ್ಕಿನ ಉಲ್ಲಂಘನೆಗೆ ಸರ್ಕಾರವೇ ಪರಿಹಾರ ಕೊಡಬೇಕೆಂಬುದನ್ನು ಸುಪ್ರೀಂ ಕೋರ್ಟ್ 1993ರ ನೀಲಾಬತಿ ಬೆಹೆರಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಇಷ್ಟು ವರ್ಷ ಏಕೆ ಬರಲಿಲ್ಲ ಎಂದು ನ್ಯಾಯಾಲಯ ಕೇಳಿಯೇ ಕೇಳುತ್ತದೆ, ಅದಕ್ಕೆ ಉತ್ತರ ಸಿದ್ಧವಿರಬೇಕು. ಗೆಲ್ಲುತ್ತದೆಂದು ಮಾತು ಕೊಡಲಾರೆ.

ಅವರ ಗಂಡನಿಗೆ ಆ ಕಾಲದಲ್ಲಿ ಚಿಕಿತ್ಸೆ ಮಾಡಿದ ಆಸ್ಪತ್ರೆಯ ಚೀಟಿ, ಹಳೆಯ ಪಡಿತರ ಚೀಟಿ, ಜೊತೆಗೆ ಕರೆದೊಯ್ಯಲ್ಪಟ್ಟು ಇನ್ನೂ ಬದುಕಿರುವ ಯಾರಾದರೂ ಇದ್ದರೆ ಅವರ ವಿವರ, ಇಷ್ಟನ್ನು ಹುಡುಕಿಡಿ. ಯಾವುದನ್ನೂ ಇಲ್ಲಿ ಹಾಕಬೇಡಿ, ಹಾಡಿಯ ಹೆಸರನ್ನು ಕೂಡ ಬರೆಯಬೇಡಿ. ಮೊದಲು ಆ ತಾಯಿಗೆ ಇದು ಬೇಕೇ ಎಂದು ಕೇಳಿ. ಈರೋಡಿನಲ್ಲಿ ಇಂಥ ಪ್ರಕರಣಗಳನ್ನು ನಡೆಸಿದ ವಕೀಲರೊಬ್ಬರನ್ನು ನಾನು ಬಲ್ಲೆ; ನಾಳೆ ಸಂಜೆಯೊಳಗೆ ಅವರೊಂದಿಗೆ ಮಾತಾಡಿ ನಿಮಗೆ ಖಾಸಗಿಯಾಗಿ ಬರೆಯುತ್ತೇನೆ.

ಆಸನೂರಿನ ದಾದಿ:

ಬುಧವಾರ ಆ ಹಾಡಿಗೆ ಹೋಗುತ್ತೇನೆ. ಕೇಳಿ ತಿಳಿಸುತ್ತೇನೆ.